ಕೋಳಿಬುಟ್ಟಿಯೊಳಗೆ ಕೂರಿಸಿದ್ದ ತಂಗಿ

ಇವತ್ತು ಭದ್ರಾವತಿ ಓಲ್ಡ್ ಟೌನಿನ ನಮ್ಮ ಬೀದಿಗೆ ಮಕ್ಕಳನ್ನು ಲಸಿಕೆಗೆ ಕರೆಯಲು ಆಶಾ ಕಾರ್ಯಕರ್ತೆ ಹುಡುಗಿ ಬಂದಿದ್ದಳು. ಪಕ್ಕದ ಮನೆಯವಳು ಬಾಗಿಲಲ್ಲೇ ನಿಂತು, "ಪಾಪು ಮಲಗಿದೆ, ಇನ್ನೊಂದಿನ ನೋಡೋಣ" ಎಂದಳು. ಒಳಗೆ ಮಗು ಆಡುತ್ತಿರುವುದು ನನಗೇ ಕೇಳುತ್ತಿತ್ತು. ಮೈಯೆಲ್ಲ ಉರಿಯಿತು.

ನಾನು ಚಿಕ್ಕವಳಿದ್ದಾಗ ನಮ್ಮ ಹಳ್ಳಿಗೆ ಲಸಿಕೆ ಹಾಕಲು ತಿಂಗಳಿಗೊಮ್ಮೆ ನರ್ಸಮ್ಮ ನಡೆದೇ ಬರುತ್ತಿದ್ದರು. ಹೆಗಲಲ್ಲಿ ಐಸ್ ತುಂಬಿದ ಡಬ್ಬಿ, ಸೀರೆಯ ಅಂಚಿಗೆಲ್ಲ ಕೆಸರು. ಅವರು ಕೆರೆ ಏರಿಯ ಮೇಲೆ ಕಂಡರೆ ಸಾಕು, ಅಜ್ಜಿ ನನ್ನ ತಂಗಿಯನ್ನು ಕೋಳಿ ಮುಚ್ಚುವ ಬುಟ್ಟಿಯೊಳಗೆ ಕೂರಿಸಿ ಮೇಲೆ ಗೋಣಿ ಹೊದಿಸುತ್ತಿದ್ದಳು. ಸೂಜಿ ಚುಚ್ಚಿದರೆ ಜ್ವರ ಬರುತ್ತದೆ, ಜ್ವರದ ಮಗುವನ್ನು ಬಿಟ್ಟು ಅವ್ವ ನಾಟಿ ಕೆಲಸಕ್ಕೆ ಹೋಗುವುದು ಹೇಗೆ ಎಂಬುದು ಅವಳ ಚಿಂತೆ.

"ನಿನ್ ತಂಗಿ ಎಲ್ಲೇ?" ಒಮ್ಮೆ ನರ್ಸಮ್ಮ ನನ್ನನ್ನೇ ಕೇಳಿದರು.

"ಅತ್ತೆ ಮನೆಗೆ ಹೋಗಿದಾಳೆ."

"ಪ್ರತಿ ಸಲಾನೂ ಅತ್ತೆ ಮನೇನಾ? ಅಲ್ಲೇ ಮದುವೆ ಮಾಡಿ ಕೊಟ್ಬಿಡಜ್ಜಿ" ಎಂದು ಅಜ್ಜಿಗೆ ಕುಟುಕಿ ಹೋದರು.

ಆ ಮಳೆಗಾಲ ತಂಗಿಗೆ ಗಂಟಲುಮಾರಿ ಬಂತು; ನರ್ಸಮ್ಮನ ಸೂಜಿ ಇದ್ದದ್ದೇ ಅದನ್ನು ತಡೆಯಲು. ಉಸಿರೆಳೆದರೆ ಗರಗಸ ಎಳೆದಂತೆ ಸದ್ದು. ಅಪ್ಪ ಹೆಗಲ ಮೇಲೆ ಹೊತ್ತು ಭದ್ರಾವತಿಯ ಆಸ್ಪತ್ರೆಗೆ ಓಡಿದ. ಗೇಟು ಮುಟ್ಟುವ ಹೊತ್ತಿಗೆ ಸದ್ದು ನಿಂತಿತ್ತು.

ಮುಂದಿನ ತಿಂಗಳು ನರ್ಸಮ್ಮ ಬಂದು ಪುಸ್ತಕ ತೆರೆದು ತಂಗಿ ಎಲ್ಲಿ ಎಂದರು. ಅಜ್ಜಿ ಎದ್ದು ಒಳಗೆ ಹೋದಳು. ನಾನೇ ಹೇಳಬೇಕಾಯಿತು.

ಇವತ್ತು ಪಕ್ಕದವಳ ಜಗಲಿಯಲ್ಲಿ ನಾನೇ ಎರಡು ಕುರ್ಚಿ ಹಾಕಿದೆ. "ಕೂತ್ಕೊಳೇ, ಪಾಪು ಏಳೋವರೆಗೂ ಇಲ್ಲೇ ಇರೋಣ" ಎಂದೆ ಆಶಾ ಹುಡುಗಿಗೆ.

"ನಿಮಗ್ಯಾಕಜ್ಜಿ ಊರ ಉಸಾಬರಿ?" ಎಂದು ಪಕ್ಕದವಳು ಬಾಗಿಲು ಹಾಕಿಕೊಂಡಳು.

ಬಾಗಿಲು ಇನ್ನೂ ತೆರೆದಿಲ್ಲ. ನಾವೂ ಎದ್ದಿಲ್ಲ.