ಖೈರೂನಮ್ಮನ ಸಿಗಡಿ ಜಾಡಿ

ಕಡೂರಿನ ನಮ್ಮ ಬೀದಿಯಲ್ಲಿ ಹುಟ್ಟಿದ ಕೂಸುಗಳೆಲ್ಲ ಖೈರೂನಮ್ಮ ಹೊಲಿದ ಕುಲಾವಿ ತೊಟ್ಟೇ ಹೊರಗಿನ ಗಾಳಿ ಕಂಡಿದ್ದು. ಯಾರ ಮನೆಯಲ್ಲಿ ಹೆರಿಗೆಯಾದರೂ ಸರಿ, ಎರಡು ವಾರದೊಳಗೆ ಒಂದು ಕುಲಾವಿ ಬರುತ್ತಿತ್ತು, ಕಿವಿ ಬೆಚ್ಚಗೆ ಮುಚ್ಚುವಂತೆ, ಗದ್ದದಡಿ ಲಾಡಿ ಕಟ್ಟುವಂತೆ. ಅದನ್ನು ತೊಟ್ಟಿಲ ಅಂಚಿನ ಮೇಲಿಟ್ಟು ಖೈರೂನಮ್ಮ ಎರಡು ಹೆಜ್ಜೆ ಹಿಂದೆ ಸರಿದು ನಿಂತುಬಿಡುತ್ತಿದ್ದರು. ಎತ್ತಿಕೊಳ್ಳಿ ಎಂದರೆ, "ಬ್ಯಾಡ್ರವ್ವ, ನನ್ ಕೈಗುಣ ಸರಿ ಇಲ್ಲ" ಎನ್ನುತ್ತಿದ್ದರು.

ಅವರು ನಮ್ಮ ಪಕ್ಕದ ಮನೆಯವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದು ಬ್ಲೌಸ್ ಹೊಲಿಯುತ್ತಿದ್ದರು. ಟೇಪು ಕೊರಳಲ್ಲಿ ಬರೀ ಅಲಂಕಾರಕ್ಕೆ. ಒಂದು ಸಲ ನೋಡಿದರೆ ಅಳತೆ ಸಿಕ್ಕಿತೆಂದೇ ಲೆಕ್ಕ. ಬಟ್ಟೆಗೆ ಅಷ್ಟು ಚೆನ್ನಾಗಿ ಒಲಿದಿದ್ದ ಕೈಗೆ ಜೀವ ಇರುವುದು ಯಾವುದೂ ಒಲಿಯುವುದಿಲ್ಲ ಎಂದು ಅವರೇ ತೀರ್ಮಾನ ಮಾಡಿದ್ದರು. "ಗಿಣಿ ಸಾಕ್ದೆ, ಹಾರೋಯ್ತು. ಕೋಳಿ ಸಾಕ್ದೆ, ರೋಗ ಬಂತು. ಕರಿಬೇವು ನೆಟ್ಟೆ, ಅದಕ್ಕೂ ನನ್ ಮೇಲೆ ಏನ್ ಸಿಟ್ಟೋ!" ಎಂದು ಹೇಳಿಕೊಂಡು ತಾವೇ ನಗುತ್ತಿದ್ದರು. ಒಮ್ಮೆ ಮಾತ್ರ, ನನ್ನ ಮದುವೆಯ ಬ್ಲೌಸಿಗೆ ಪಿನ್ನು ಚುಚ್ಚುತ್ತಾ, "ಮೂರು ಸಲ ಬಸುರಾದೆ ಕಣೇ ಸುಮಾ, ಒಂದೂ ಕೈಗೆ ಬರ್ಲಿಲ್ಲ" ಎಂದರು. ಅವರು ತೋಳು ಎತ್ತು ಎಂದರು, ಎತ್ತಿದೆ.

ಮದುವೆಯಾದ ಮೇಲೂ ಅಮ್ಮನ ಜೊತೆಗೇ ಇದ್ದ ನಾನು ತರೀಕೆರೆಯ ಒಂದು ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಮ್ಮ. ಮಕ್ಕಳಿಗೆ ತೋರಿಸೋಣವೆಂದು ಉಪ್ಪುನೀರಿನ ಸಿಗಡಿಯ ಮೊಟ್ಟೆ ತರಿಸಿದ್ದೆ. ಗಸಗಸೆಗಿಂತ ಸಣ್ಣ, ಕಂದು ಪುಡಿಯ ಹಾಗೆ ಇರುತ್ತದೆ. ಉಪ್ಪುನೀರಿಗೆ ಹಾಕಿದರೆ ಎರಡು ದಿನಕ್ಕೆ ಮರಿ. ಉಳಿದ ಒಂದು ಪ್ಯಾಕೆಟ್ಟನ್ನು ಖೈರೂನಮ್ಮನಿಗೆ ಕೊಟ್ಟೆ. ಆಗ ನಾನು ಆರು ತಿಂಗಳ ಬಸುರಿ. ನನ್ನ ಕೂಸನ್ನಾದರೂ ಅವರು ಎತ್ತಿಕೊಳ್ಳಬೇಕೆಂಬ ಹಟ ನನ್ನದು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಪ್ಯಾಕೆಟ್ಟಿನ ಮೇಲೆ ಹಲ್ಲು ಬಿಟ್ಟು ನಗುವ ಸಿಗಡಿಯ ಚಿತ್ರವಿತ್ತು. "ಇದ್ಕೆ ಲಿಪ್‌ಸ್ಟಿಕ್ ಬೇರೆ ಹಚ್ಚವ್ರೆ! ಸಂತೇಲಿ ಒಣಗಿಸಿ ಮಾರ್ತಾರೆ, ನೀನು ಸಾಕು ಅಂತೀಯಲ್ಲೇ" ಎಂದರು. ಆದರೂ ಅಗಲ ಬಾಯಿಯ ಗಾಜಿನ ಜಾಡಿಗೆ ಬಾವಿ ನೀರು ಹಾಕಿ, ಕಲ್ಲುಪ್ಪು ಕರಗಿಸಿ, ಪುಡಿ ಉದುರಿಸಿದರು. ಮೂರನೆಯ ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಕೂಗು: "ಸುಮಾ, ಬಾರೇ ಬೇಗ! ದೂಳು ಈಜ್ತಾ ಐತೆ!"

ಅಲ್ಲಿಂದ ಅವರ ಹೊಲಿಗೆ ಮಿಷಿನ್ನಿನ ಪಕ್ಕವೇ ಜಾಡಿಯ ಠಿಕಾಣಿ. ಬೇಕರಿಯಿಂದ ತಂದ ಈಸ್ಟನ್ನು ಸೂಜಿಯ ತುದಿಯಲ್ಲಿ ಹಿಡಿದಷ್ಟೇ ಹಾಕುವುದು, ಗಾಳಿಯಾಡಲೆಂದು ದಿನಕ್ಕೆರಡು ಸಲ ಚಮಚದಲ್ಲಿ ನೀರೆತ್ತಿ ಸುರಿಯುವುದು. ಮೂರು ವಾರಕ್ಕೆ ಅವು ಅಕ್ಕಿಕಾಳಿನಷ್ಟಾದವು. ಅಂಗಾತ ಮಲಗಿ, ಕಾಲು ಮೇಲೆ ಮಾಡಿ ಈಜುತ್ತವೆ. "ನೋಡೇ, ಮಿಷಿನ್ ಸೂಜಿ ಹಂಗೆ ಕಾಲಾಡಿಸ್ತವೆ, ಒಂಚೂರೂ ಪುರುಸೊತ್ತಿಲ್ಲ!" ಕೋಣೆಯ ಕಿಟಕಿ ಮುಚ್ಚಿ ಮೊಬೈಲಿನ ಟಾರ್ಚ್ ಹಿಡಿದರೆ ಎಲ್ಲವೂ ಬೆಳಕಿನತ್ತ ಓಡಿ ಬರುತ್ತಿದ್ದವು. ಅದನ್ನು ನೋಡಲು ಬ್ಲೌಸ್ ಕೊಡಲು ಬಂದವರು, ತರಕಾರಿ ತರಲು ಹೊರಟವರು ಎಲ್ಲ ಬಾಗಿಲಲ್ಲಿ ಮುಗಿಬೀಳುತ್ತಿದ್ದರು. ಎಷ್ಟು ಚೆನ್ನಾಗಿವೆ ಎಂದು ಯಾರಾದರೂ ಅಂದರೆ ಖೈರೂನಮ್ಮನಿಗೆ ಹೆದರಿಕೆ. "ನಜರ್ ಆಯ್ತದೆ, ಸಾಕು ನಡೀರಿ" ಎಂದು ಜಾಡಿಗೆ ಸೆರಗು ಮುಚ್ಚುತ್ತಿದ್ದರು.

ಇದನ್ನು ಕೇಳಿದ ನನ್ನ ಅಮ್ಮ ಸುಮ್ಮನಿರುತ್ತಾಳೆಯೇ? ಒಂದು ಮಧ್ಯಾಹ್ನ ಮುಷ್ಟಿಯಲ್ಲಿ ಉಪ್ಪು, ಮೆಣಸಿನಕಾಯಿ ಹಿಡಿದು ಹೋಗಿ ಜಾಡಿಗೆ ಮೂರು ಸುತ್ತು ನಿವಾಳಿಸಿ ದೃಷ್ಟಿ ತೆಗೆದಳು. ಮೆಣಸಿನಕಾಯಿ ಒಲೆಗೆ, ಉಪ್ಪು ನೀರಿಗೆ. ಅದು ಅವಳ ಹುಟ್ಟಾ ಅಭ್ಯಾಸ. ಕಣ್ಣೆದುರಿಗೆ ನೀರಿದೆಯಲ್ಲ! ಮುಷ್ಟಿ ಉಪ್ಪನ್ನು ಜಾಡಿಗೇ ಸುರಿದಳು.

"ಯಾ ಅಲ್ಲಾ! ಗಂಗಕ್ಕ, ನನ್ ಕೈಗುಣ ಸಾಲ್ದು ಅಂತ ನಿಂದೂ ಸೇರಿಸ್ದ್ಯಾ!"

"ಹೆಂಗೂ ಉಪ್ಪುನೀರೇ ಅಲ್ವೇನೇ, ಒಂದ್ ಹಿಡಿ ಜಾಸ್ತಿ ಆದ್ರೆ ಏನಾಯ್ತದೆ?"

ಖೈರೂನಮ್ಮ ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟರು. ಸಿಗಡಿಗಳಿಗೆ ಮಾತ್ರ ಏನೂ ಆಗಲಿಲ್ಲ.

ನನಗೆ ದಿನ ತುಂಬುವ ಹೊತ್ತಿಗೆ ಖೈರೂನಮ್ಮ ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಅಜ್ಜಂಪುರದ ತಂಗಿಯ ಮನೆಗೆ ಹೋದರು. ಬೀಗದ ಕೈ ಅಮ್ಮನ ಕೈಗೆ ಕೊಟ್ಟು, "ದಿನಾ ಒಂದ್ ಲೋಟ ನೀರು, ಸೂಜಿ ತುದಿಯಷ್ಟು ಈಸ್ಟು, ಉಪ್ಪು ಮಾತ್ರ ಬ್ಯಾಡ ತಾಯಿ" ಎಂದು ಕೈ ಮುಗಿದರು. ಮಾರನೇ ದಿನವೇ ನನಗೆ ನೋವು ಶುರುವಾಯಿತು. ಆಸ್ಪತ್ರೆ, ಕೂಸು, ಬಿಸಿನೀರು, ಬಾಣಂತಿ ಖಾರ. ಬೀಗದ ಕೈ ಸಾಸಿವೆ ಡಬ್ಬಿಯಲ್ಲಿ ಕೂತಿತು. ಅಮ್ಮನಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ. ಆ ವರ್ಷದ ಬೇಸಿಗೆ ಬೇರೆ ಹಾಳಾದ್ದು.

ಒಂದೂವರೆ ತಿಂಗಳ ಮೇಲೆ ಅವರು ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಜಾಡಿಯಲ್ಲಿ ಹನಿ ನೀರಿಲ್ಲ. ತಳದಲ್ಲಿ ಉಪ್ಪಿನ ಹಕ್ಕಳೆ, ಅದರ ಮೇಲೆ ಕಂದು ಕಲೆ. ಅಮ್ಮ ಅತ್ತುಬಿಟ್ಟಳು. ಖೈರೂನಮ್ಮ ಬಯ್ಯಲೇ ಇಲ್ಲ. "ನಿಂದೇನ್ ತಪ್ಪು ಗಂಗಕ್ಕ? ನಾನ್ ಮೊದ್ಲೇ ಹೇಳಿರ್ಲಿಲ್ವಾ" ಎಂದರು. ನನ್ನ ಮಗಳಿಗೆ ಹೊಲಿದಿದ್ದ ಕುಲಾವಿಯನ್ನು ತೊಟ್ಟಿಲ ಅಂಚಿಗಿಟ್ಟು, ಎಂದಿಗಿಂತ ಒಂದು ಹೆಜ್ಜೆ ಹೆಚ್ಚೇ ಹಿಂದೆ ನಿಂತು ಹೊರಟುಹೋದರು. ಆವತ್ತು ನನಗೆ ಬಂದ ಸಿಟ್ಟು, ದುಃಖ ಅಷ್ಟಿಷ್ಟಲ್ಲ. ಇಂಥ ಮನುಷ್ಯರ ಕೈಗೆ ಈ ಕೆಟ್ಟ ಹೆಸರು ಯಾಕೆ ಅಂಟಿತೋ ಎಂದು ಕೂಸಿಗೆ ಹಾಲು ಕುಡಿಸುತ್ತಾ ಅತ್ತೆ.

ಜಾಡಿಯಾದರೂ ಉಪ್ಪಿನಕಾಯಿಗೆ ಆಗಲೆಂದು, ಗಟ್ಟಿ ಕಟ್ಟಿದ್ದ ಉಪ್ಪು ಬಿಡಲು ಅವರು ನೀರು ತುಂಬಿ ನೆನೆಯಲಿಟ್ಟಿದ್ದರಂತೆ. ಮೂರನೆಯ ಬೆಳಿಗ್ಗೆ ಚಪ್ಪಲಿಯೂ ಇಲ್ಲದೆ, ಜಾಡಿಯನ್ನು ಎದೆಗೆ ಅವುಚಿಕೊಂಡು ನಮ್ಮ ಮನೆಗೆ ನುಗ್ಗಿದರು.

"ಬಂದವ್ರೆ ಕಣೇ ಸುಮಾ! ತೊಳ್ಯಕ್ ಹೋದ್ರೆ ಈಜ್ತಾ ಅವ್ರೆ! ಈ ಸಲ ನಾನು ಪುಡಿನೂ ಹಾಕಿಲ್ಲ ಕಣೇ!"

ನಿಜವೇ. ನೀರು ತುಂಬಾ ಬಿಳಿ ಚುಕ್ಕೆಗಳು ಓಡಾಡುತ್ತಿದ್ದವು. ಉಪ್ಪು ಹೆಚ್ಚಾದರೆ ಸಿಗಡಿ ಮರಿ ಹಾಕುವ ಬದಲು ಗಟ್ಟಿ ಚಿಪ್ಪಿನ ಮೊಟ್ಟೆ ಇಡುತ್ತದೆ, ಅದು ಒಣಗಿ ವರ್ಷಗಟ್ಟಲೆ ಕಾಯುತ್ತದೆ ಎಂದು ನಾನು ವಿವರಿಸಿದೆ. ಅಮ್ಮ ತಕ್ಷಣ, "ನೋಡ್ದ್ಯಾ, ನನ್ ಉಪ್ಪು!" ಎಂದು ಸೊಂಟದ ಮೇಲೆ ಕೈಯಿಟ್ಟಳು.

"ನೀವು ಸಾಕಿದ್ದಕ್ಕೇ ಅವು ಮೊಟ್ಟೆ ಇಟ್ಟಿದ್ದು ಖೈರೂನಮ್ಮ" ಎಂದೆ. ಅಮ್ಮ ಜಾಡಿ ಇಸಿದುಕೊಂಡಳು. ಖಾಲಿಯಾದ ಆ ಕೈಗಳಿಗೆ, ಅವರು ಹಿಂದೆ ಸರಿಯುವ ಮೊದಲೇ, ನಾನು ಮಗಳನ್ನು ಇಟ್ಟುಬಿಟ್ಟೆ. ಬೀಳಿಸುವ ಹಾಗೂ ಇಲ್ಲ, ವಾಪಸ್ ಕೊಡುವ ಹಾಗೂ ಇಲ್ಲ. ಅಷ್ಟರಲ್ಲಿ ನನ್ನ ಮಗಳು ಅವರ ಸೀರೆಯನ್ನು ಚೆನ್ನಾಗಿ ನೆನೆಸಿದಳು. ಖೈರೂನಮ್ಮ ಕೆಳಗೆ ನೋಡಿಕೊಂಡರು, ಕಣ್ಣು ತುಂಬಿತ್ತು, ಜೋರಾಗಿ ನಕ್ಕರು. "ಇದೂ ಉಪ್ಪುನೀರೇ ಕಣೇ!"

ಆಮೇಲೆ ಬೀದಿಯ ಬಾಣಂತಿಯರಿಗೆ ಬೇರೆ ತಾಪತ್ರಯ. ಕುಲಾವಿ ಕೊಡಲು ಬಂದ ಖೈರೂನಮ್ಮ ಕೂಸನ್ನು ವಾಪಸ್ ಕೊಡುತ್ತಿರಲಿಲ್ಲ.

ಅವರು ತೀರಿಹೋಗಿ ಈಗ ಎರಡು ವರ್ಷ. ಜಾಡಿ ನಮ್ಮ ಕಿಟಕಿಯಲ್ಲಿದೆ. ಅವರನ್ನು ಕೊನೆಯ ಸಲ ನೋಡಿದ್ದು ಅಜ್ಜಂಪುರದಲ್ಲಿ, ತಂಗಿಯ ಮನೆಯ ಜಗುಲಿಯ ಮೇಲೆ. ತುಂಬ ಇಳಿದುಹೋಗಿದ್ದರು. ಆಗ ನಾಲ್ಕು ವರ್ಷದವಳಾಗಿದ್ದ ನನ್ನ ಮಗಳು ಸೀದಾ ಹೋಗಿ ಅವರ ತೊಡೆ ಏರಿ ಕೂತಳು. ಭಾರ ಆಗುತ್ತಾಳೆ, ಇಳಿಸಿ ಎಂದು ನಾನು ಕೈ ಚಾಚಿದೆ.

"ಇರ್ಲಿ ಬಿಡೇ" ಎಂದು ನನ್ನ ಕೈ ಸರಿಸಿದರು. "ನನ್ ಕೈಲಿ ಬೆಳೆದಿರೋದು ಇದು."

ಕಡೂರಿನ ಬಸ್ಸು ಹಾರ್ನ್ ಹೊಡೆಯುವವರೆಗೂ ಇಳಿಸಲಿಲ್ಲ.