ಹನ್ನೊಂದು ಗಂಟೆಯ ದಾರಿ

ಟಿಕೆಟ್ ಆಫೀಸಿನ ಗುಮಾಸ್ತನಿಗೆ ನೆರೆಹೊರೆಯವರು ಇಟ್ಟ ಹೆಸರು ಗಡಿಯಾರ. ಎರಡು ಊರುಗಳ ಹೆಸರು ಹೇಳಿದರೆ ಸಾಕು, ನಡುವಿನ ದೂರವನ್ನು ವಿಮಾನದ ವೇಗದಿಂದ ಭಾಗಿಸಿ, ಕಣ್ಣು ಮಿಟುಕಿಸುವುದರೊಳಗೆ ಇಷ್ಟು ಗಂಟೆ ಎಂದುಬಿಡುತ್ತಿದ್ದ. ನೇರ ವಿಮಾನ ಇದೆಯೋ ಇಲ್ಲವೋ, ನಡುವೆ ಎಲ್ಲಿ ಇಳಿದು ಕಾಯಬೇಕೋ, ಅದೆಲ್ಲ ಈ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಆಫೀಸಿನಲ್ಲಿ ಕಂಪ್ಯೂಟರ್ ನೋಡಿಯೇ ಬಾಯಿ ಬಿಡುತ್ತಿದ್ದ ಈ ಮಹಾಶಯ, ಮನೆಯ ಮೆಟ್ಟಿಲ ಮೇಲೆ ನಿಂತಾಗ ಮಾತ್ರ ಹೀಗೆ ಜಂಬ ಕೊಚ್ಚಿಕೊಳ್ಳುತ್ತಿದ್ದ. ಕೇಳುವವರಿಗೂ ಅದೊಂದು ಮೋಜು. ಅವರಲ್ಲಿ ಯಾರೂ ಎಲ್ಲಿಗೂ ಹೋಗುವವರಲ್ಲ.

ಎದುರುಮನೆಯ ಟೈಲರ್ ಅಕ್ಕ ಅವತ್ತು ಕೇಳಿದ್ದು ಮೋಜಿಗಲ್ಲ. ಅವಳ ತಾಯಿಗೆ ಹೊಟ್ಟೆಯ ಕ್ಯಾನ್ಸರ್; ಇವತ್ತೋ ನಾಳೆಯೋ ಎನ್ನುವಂತಿತ್ತು. ದೂರದೇಶದ ಊರಿನ ಹೋಟೆಲೊಂದರಲ್ಲಿ ಬಟ್ಟೆ ಇಸ್ತ್ರಿ ಮಾಡುವ ತಂಗಿ, ಎರಡು ವರ್ಷದ ಹಿಂದೆ ತಾಯಿಯ ಜೊತೆ ಜಗಳವಾಡಿ ಹೋದವಳು, ಬೆಳಿಗ್ಗೆ ಫೋನು ಮಾಡಿ "ವಿಮಾನ ಹತ್ತಿದೀನಿ" ಎಂದಷ್ಟೇ ಹೇಳಿ ಇಟ್ಟಿದ್ದಳು.

"ತಂಗಿ ಊರಿಂದ ಇಲ್ಲಿಗೆ ಎಷ್ಟು ಹೊತ್ತೋ, ಗಡಿಯಾರ?"

ಅವನು ಬೂಟಿನ ಲೇಸು ಕಟ್ಟುತ್ತಿದ್ದ. ಯಾಕೆ ಎಂದು ಕೇಳಲಿಲ್ಲ, ತಲೆ ಎತ್ತಿಯೂ ನೋಡಲಿಲ್ಲ. "ಹನ್ನೊಂದು ಗಂಟೆ ಅಕ್ಕಾ. ಹೆಚ್ಚುಕಮ್ಮಿ ಆದ್ರೆ ನನ್ನ ಹೆಸರೇ ಬದಲಾಯಿಸಿ."

ಸಂಜೆ ಬಂದಾಗ ಎದುರುಮನೆಯಿಂದ ನರಳಾಟ ಕೇಳಿಸಿತು. ಒಳಗೆ ಹೋದ. ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ ಮಂಚ ಹಾಕಿದ್ದರು. ಮುದುಕಿ ಹೊದಿಕೆಯ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು. ನರ್ಸು ಸೂಜಿ ಹಿಡಿದು ಸುಮ್ಮನೆ ಕೂತಿದ್ದಳು.

"ಬೆಳಿಗ್ಗೆಯಿಂದ ನೋವಿನ ಇಂಜೆಕ್ಷನ್ ಬೇಡ ಅಂತಿದಾಳೆ," ಅಕ್ಕ ಪಿಸುಗುಟ್ಟಿದಳು. "ತಗೊಂಡ್ರೆ ಎಚ್ಚರ ಇರಲ್ವಂತೆ. ಹನ್ನೊಂದೇ ಗಂಟೆ ತಾನೆ, ಮಗಳ ಮುಖ ನೋಡೋವರೆಗೂ ತಡ್ಕೋತೀನಿ ಅಂತಾಳೆ. ನೀನು ಹೇಳಿದ ಹನ್ನೊಂದು ಗಂಟೆನೂ ಮುಗೀತು, ಅವಳ ಫೋನೂ ಹತ್ತುತ್ತಿಲ್ಲ."

ಗಡಿಯಾರನಿಗೆ ಆಗಲೇ ನೆನಪಾದದ್ದು. ಆ ಊರಿಗೂ ಈ ಊರಿಗೂ ನೇರ ವಿಮಾನವೇ ಇಲ್ಲ. ಅವನೇ ಎಷ್ಟೋ ಜನಕ್ಕೆ ಟಿಕೆಟ್ ಮಾಡಿಕೊಟ್ಟ ದಾರಿ. ನಡುವಿನ ಊರಲ್ಲಿ ರಾತ್ರಿಯಿಡೀ ಬೆಂಚಿನ ಮೇಲೆ ಕಾಯಲೇಬೇಕು.

ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತ. "ಅಮ್ಮಾ, ನಾನು ತಪ್ಪು ಹೇಳಿಬಿಟ್ಟೆ. ಮಧ್ಯೆ ಇಳಿದು ಬೇರೆ ವಿಮಾನ ಹತ್ತಬೇಕು. ನಾಳೆ ಮಧ್ಯಾಹ್ನ ಬರ್ತಾಳೆ, ಖಂಡಿತ ಬರ್ತಾಳೆ."

ಮುದುಕಿ ಅವನನ್ನೇ ನೋಡಿದಳು. "ಸಮಾಧಾನಕ್ಕೆ ಹೇಳ್ಬೇಡಪ್ಪ. ನಿನ್ನ ಲೆಕ್ಕ ಯಾವತ್ತು ತಪ್ಪಿದೆ? ಅವಳು ಹತ್ತೇ ಇಲ್ಲ. ಸಿಟ್ಟು ಇಳಿದಿಲ್ಲ ಅವಳಿಗೆ."

ಅವನು ದೇವರಾಣೆ ಮಾಡಿದ. ಮೊಬೈಲು ತೆಗೆದು ವಿಮಾನದ ವೇಳೆ ತೋರಿಸಿದ. ಅಷ್ಟು ಸಣ್ಣ ಅಕ್ಷರ ಆ ಕಣ್ಣಿಗೆ ಎಲ್ಲಿ ಕಾಣಬೇಕು? ಅವಳು ಗೋಡೆಯ ಕಡೆ ಹೊರಳಿ ನರ್ಸಿನತ್ತ ತೋಳು ಚಾಚಿದಳು.

"ಚುಚ್ಚಮ್ಮ. ಇನ್ಯಾರಿಗೆ ಕಾಯಲಿ?"

ಬೆಳಗಾಗುವಷ್ಟರಲ್ಲಿ ಪ್ರಾಣ ಹೋಗಿತ್ತು. ತಂಗಿ ಮಧ್ಯಾಹ್ನ ಬಂದಳು. ಅಳುವಷ್ಟು ಅತ್ತು, ಆಮೇಲೆ ಬಾಗಿಲಲ್ಲಿ ನಿಂತಿದ್ದ ಗಡಿಯಾರನ ಹತ್ತಿರ ಬಂದಳು.

"ಕೊನೇಲಿ ನೀವೂ ಇದ್ರಂತೆ. ನಾನು ಬರ್ತಿದೀನಿ ಅಂತ ಅಮ್ಮಂಗೆ ಗೊತ್ತಿತ್ತಾ?"

ಟೈಲರ್ ಅಕ್ಕ ಬಟ್ಟೆ ಮಡಿಚುವುದನ್ನು ನಿಲ್ಲಿಸಿದಳು.

"ಗೊತ್ತಿತ್ತಮ್ಮ," ಎಂದ ಗಡಿಯಾರ, ತಡವರಿಸದೆ. "ದಾರಿಯಲ್ಲಿದಾಳೆ ಅಂತ ಹೇಳ್ಕೊಂಡೇ ಕಣ್ಣು ಮುಚ್ಚಿದ್ರು."

ಅವಳೂ ನಂಬಿದಳು.