ಜಯಕ್ಕನನ್ನು ಕರೆತರಲು ಸಾತನೂರಿಗೆ

ಮಾಗಡಿಯಿಂದ ರಾಮನಗರಕ್ಕೆ ಹೋಗುವ ಬೆಳಗಿನ ಬಸ್ಸು ಏಳೂಕಾಲಕ್ಕೆ ಹೊರಟಿತು. ಜನವರಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ, ಹೆಂಗಸರಿಗೆ ಕೊಡುವ ಉಚಿತ ಟಿಕೆಟ್ ಕೊಟ್ಟು, "ಎಲ್ಲಿಗಕ್ಕ ಇಷ್ಟ್ ಬೇಗ?" ಎಂದರು. ಸಾತನೂರಿಗೆ ಎಂದೆ. "ರಾಮನಗರದಲ್ಲೊಂದು, ಕನಕಪುರದಲ್ಲೊಂದು ಬಸ್ ಬದಲಾಯಿಸ್ಬೇಕು. ಮಧ್ಯಾಹ್ನ ಆಯ್ತದೆ ಬುಡಿ," ಎಂದು ಮುಂದೆ ಹೋದರು.

ಅಷ್ಟು ದೂರ ಹೊರಟಿದ್ದು ಜಯಕ್ಕನನ್ನು ನೋಡಲು. ಹಿಂದಿನ ವರ್ಷ ರಾಮನಗರದ ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮಿಬ್ಬರ ಪರಿಚಯವಾಗಿತ್ತು. ಇಬ್ಬರಿಗೂ ಒಂದೇ ಕಾಯಿಲೆ. ಡಾಕ್ಟರು ಅದನ್ನು ಐಟಿಪಿ ಎನ್ನುತ್ತಾರೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳನ್ನು ನಾಶ ಮಾಡುತ್ತದೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಇರಬೇಕಾದ ಜಾಗದಲ್ಲಿ ಹತ್ತೋ ಇಪ್ಪತ್ತೋ ಸಾವಿರ ಉಳಿಯುತ್ತವೆ. ನನಗೆ ಇದು ಬಂದು ನಾಲ್ಕು ವರ್ಷವಾಯಿತು. ನಾನು ಹೊಲಿಗೆ ಕೆಲಸದವಳು. ಯಂತ್ರದ ಅಂಚು ತಗುಲಿದಲ್ಲೆಲ್ಲ ತೊಡೆಯ ಮೇಲೆ ನೇರಳೆ ಕಲೆಗಳು ಏಳುತ್ತಿದ್ದುದರಿಂದಲೇ ಕಾಯಿಲೆ ಗೊತ್ತಾಗಿದ್ದು.

ಜಯಕ್ಕ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದರು. ಮೂರು ಭಾನುವಾರಗಳಿಂದ ಮಾಡಿರಲಿಲ್ಲ. ನಾನು ಮಾಡಿದರೆ ಎತ್ತುತ್ತಿರಲಿಲ್ಲ. ರಕ್ತ ಪರೀಕ್ಷೆಯ ದಿನಕ್ಕೂ ಅವರು ಬರಲಿಲ್ಲವೆಂದು ಆಸ್ಪತ್ರೆಯ ನರ್ಸ್ ಫೋನಿನಲ್ಲಿ ಹೇಳಿದ ಮೇಲೆ ಅಂಗಡಿಗೆ ಬೀಗ ಹಾಕಿ, ಎರಡು ಸೀರೆ ಚೀಲಕ್ಕೆ ತುರುಕಿಕೊಂಡೆ. ಬಸ್ಸಿನಲ್ಲಿ ನಿಲ್ಲುವುದು ನನಗೆ ಅಪಾಯ. ಬಿದ್ದರೆ ಉಳಿದವರಿಗೆ ತರಚುಗಾಯ, ನಮಗೆ ಆಸ್ಪತ್ರೆ. ಹಾಗಾಗಿ ಸೀಟು ಸಿಗದ ಬಸ್ಸನ್ನು ಬಿಟ್ಟುಬಿಡುವುದು ನನ್ನ ಅಭ್ಯಾಸ. ರಾಮನಗರದಲ್ಲಿ ಎರಡು ಬಸ್ಸು ಬಿಟ್ಟೆ. ಕಾಯುವಾಗ ಎರಡು ಇಡ್ಲಿ ತಿಂದೆ.

ರಾಮನಗರದಿಂದ ಕನಕಪುರಕ್ಕೆ ಸುಮಾರು ಒಂದು ಗಂಟೆಯ ದಾರಿ. ಊರ ಸುತ್ತಲಿನ ಬಂಡೆಗಳು ಹಿಂದಾಗಿ ಮಾವಿನ ತೋಪುಗಳು ಬಂದವು. ಕೆಲವು ಮರಗಳು ಆಗಲೇ ಹೂ ಬಿಟ್ಟಿದ್ದವು. ಪಕ್ಕದಲ್ಲಿ ಕೂತ ಹೆಂಗಸು ಮಡಿಲಲ್ಲಿ ಅವರೆಕಾಯಿ ಸುಲಿಯುತ್ತಾ ನನ್ನ ಮುಂಗೈಯ ಕಲೆ ನೋಡಿದರು. "ಏನವ್ವ ಅದು, ಯಾರಾದ್ರೂ ಒಡದ್ರಾ?" ಎಂದು ಮೆಲ್ಲಗೆ ಕೇಳಿದರು. ಪ್ಲೇಟ್‌ಲೆಟ್ ಕಡಿಮೆ ಎಂದೆ. "ಡೆಂಗ್ಯೂನಾ? ಪರಂಗಿ ಎಲೆ ರಸ ಕುಡಿ, ಮೂರೇ ದಿನಕ್ಕೆ ಸರೋಯ್ತದೆ." ಡೆಂಗ್ಯೂ ಅಲ್ಲವೆಂದು ವಿವರಿಸುವುದನ್ನು ನಾನು ಬಿಟ್ಟು ಬಹಳ ದಿನವಾಗಿದೆ. ಆಗಲಿ ಎಂದೆ. ಇಳಿಯುವಾಗ ಅವರು ಒಂದು ಬೊಗಸೆ ಅವರೆಕಾಳನ್ನು ನನ್ನ ಕರವಸ್ತ್ರಕ್ಕೆ ಸುರಿದು ಹೋದರು.

ಸಾತನೂರು ತಲುಪುವ ಹೊತ್ತಿಗೆ ಹನ್ನೊಂದೂವರೆ. ಅಲ್ಲಿಂದ ಆಟೋದಲ್ಲಿ ನಾಲ್ಕು ಕಿಲೋಮೀಟರ್ ಒಳಗೆ ಜಯಕ್ಕನ ಊರು. ಅವರ ಗಂಡ ಸಿದ್ದಣ್ಣ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ನನ್ನನ್ನು ಕಂಡು ಒಳಗಿನತ್ತ ಕೈ ತೋರಿಸಿ, "ಉಳದ ಮನೇಲವ್ಳೆ," ಎಂದರು.

ಜಯಕ್ಕ ರೇಷ್ಮೆಹುಳಗಳ ತಟ್ಟೆಗಳ ನಡುವೆ ನಿಂತಿದ್ದರು. ನನ್ನನ್ನು ನೋಡಿದ ಕೂಡಲೇ ಸೆರಗನ್ನು ಕೆನ್ನೆಗೆ ಎಳೆದುಕೊಂಡರು.

"ಯಾಕವ್ವ ಬಂದೆ ಇಷ್ಟ್ ದೂರ?"

"ನೀವು ಫೋನ್ ಎತ್ತಲಿಲ್ಲವಲ್ಲ, ಅದಕ್ಕೆ."

ಅವರು ಹುಳಗಳಿಗೆ ಸೊಪ್ಪು ಹರಡುತ್ತಲೇ ಇದ್ದರು. ಸೀರೆ ಎತ್ತಿ ಕಟ್ಟಿದ್ದ ಕಾಲಿನತ್ತ ನೋಡಿದೆ. ಮೊಣಕಾಲಿನಿಂದ ಕೆಳಗೆ ಸಾಸಿವೆ ಚೆಲ್ಲಿದಂತೆ ಕೆಂಪು ಚುಕ್ಕೆಗಳು. ಮಾತಾಡಿದಾಗ ಒಸಡಿನಲ್ಲಿ ರಕ್ತದ ಗೆರೆ ಕಂಡಿತು.

"ಮಾತ್ರೆ ತಗೊಳ್ತಿದ್ದೀರಾ ಜಯಕ್ಕ?"

ಇನ್ನೊಂದು ತಟ್ಟೆಯತ್ತ ತಿರುಗಿ ಹೇಳಿದರು: "ಬುಟ್ಬುಟ್ಟೆ. ಇಪ್ಪತ್ ದಿನಾಯ್ತು. ಮಕ ನೋಡು, ಎಂಗ್ ಊದ್ಕಂಡದೆ. ರವಿಕೆ ಒಂದೂ ಆಗಾಕಿಲ್ಲ. ಹಾಲಿನ ಡೈರಿ ತಾವ ಒಬ್ಳು, ಈ ವಯಸ್ಸಲ್ಲಿ ಬಸ್ರಿನಾ ಅಂದ್ಲು. ಎಲ್ರೂ ನಗಾಡುದ್ರು. ಅವತ್ತೇ ಮಾತ್ರೆ ಬುಟ್ಟೆ."

ಅದು ಸ್ಟೀರಾಯ್ಡ್ ಮಾತ್ರೆ. ಅದರಿಂದ ಪ್ಲೇಟ್‌ಲೆಟ್ ಏರುತ್ತದೆ. ಜೊತೆಗೆ ಹಸಿವೂ ಏರುತ್ತದೆ, ಮುಖ ಚಂದ್ರನ ಹಾಗೆ ದುಂಡಗಾಗುತ್ತದೆ. ಡಾಕ್ಟರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕೇ ಹೊರತು ಒಮ್ಮೆಗೇ ಬಿಡುವಂತಿಲ್ಲ. ಹೊರಗೆ ಬಂದು ಆಸ್ಪತ್ರೆಗೆ ಫೋನ್ ಮಾಡಿದೆ. ಒಸಡಿನಲ್ಲಿ ರಕ್ತ ಎಂದ ಕೂಡಲೇ ನರ್ಸ್, "ನಾಳೆ ಅನ್ನಬೇಡಿ, ಇವತ್ತೇ ಕರಕೊಂಡು ಬನ್ನಿ," ಎಂದರು.

ಜಯಕ್ಕ ಒಪ್ಪಲಿಲ್ಲ. ಹುಳ ಇನ್ನು ಮೂರು ದಿನಕ್ಕೆ ಹಣ್ಣಾಗುತ್ತವೆ, ಗೂಡು ಕಟ್ಟಲು ಅವನ್ನು ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡಬೇಕು, ಅದು ಮುಗಿಯಲಿ ಎಂದರು. ಆಗ ನಾನು ಯಾರಿಗೂ ಹೇಳದ ಸಂಗತಿಯೊಂದನ್ನು ಹೇಳಿದೆ. ನಾನೂ ಮೊದಲ ವರ್ಷ ಇದೇ ಕಾರಣಕ್ಕೆ ಮಾತ್ರೆ ಬಿಟ್ಟಿದ್ದೆ. ತಂಗಿಯ ಮದುವೆಯ ಫೋಟೋದಲ್ಲಿ ನನ್ನ ಗುರುತು ನನಗೇ ಸಿಕ್ಕಿರಲಿಲ್ಲ. ಹತ್ತು ದಿನದ ಮೇಲೆ ಮೂಗಿನಿಂದ ಹರಿದ ರಕ್ತ ಎರಡು ಗಂಟೆ ನಿಂತಿರಲಿಲ್ಲ. ತಲೆಯೊಳಗೆ ಹೀಗೆ ಹರಿದಿದ್ದರೆ ನೀವು ಇಲ್ಲಿ ಇರುತ್ತಿರಲಿಲ್ಲ ಎಂದು ಡಾಕ್ಟರು ಆಗ ಹೇಳಿದ್ದರು.

ಬಾಗಿಲಲ್ಲಿ ಸಿದ್ದಣ್ಣ ನಿಂತು ಕೇಳಿಸಿಕೊಳ್ಳುತ್ತಿದ್ದುದು ಇಬ್ಬರಿಗೂ ಗೊತ್ತಿರಲಿಲ್ಲ. ಅವರು ಒಳಗೆ ಬಂದು ಹೆಂಡತಿಯ ಕೈಯಿಂದ ಸೊಪ್ಪನ್ನು ತೆಗೆದುಕೊಂಡರು.

"ಮಾತ್ರೆ ಬುಟ್ಟಿದ್ನ ನಂಗೇಳಿಲ್ಲ ನೀನು."

"ಯೋಳುದ್ರೆ ಬಯ್ತಿದ್ದೆ."

"ಬಯ್ತಿದ್ದೆ. ಈಗ ಓಗು. ಉಳ ನಾನ್ ನೋಡ್ಕತ್ತೀನಿ."

ಹೊರಡಲು ಸೀರೆ ಉಡುವಾಗ ಜಯಕ್ಕ ಮತ್ತೆ ತಡೆದರು. ಹಾಕಿಕೊಳ್ಳಲು ರವಿಕೆಯೇ ಇಲ್ಲ. ಮನೆಯಲ್ಲಿ ರವಿಕೆಯ ಬದಲು ಗಂಡನ ಅಂಗಿ ತೊಟ್ಟು ಓಡಾಡುತ್ತಿದ್ದರು. ಹಸಿರು ರವಿಕೆಯೊಂದನ್ನು ಇಸಿದುಕೊಂಡು ಪಕ್ಕದ ಹೊಲಿಗೆ ಬಿಚ್ಚಿದೆ. ಒಳಗೆ ಎರಡು ಬೆರಳಷ್ಟು ಬಟ್ಟೆ ಮಡಚಿತ್ತು. ಪುಣ್ಯಕ್ಕೆ ಅದನ್ನು ಹೊಲಿದವರು ಕತ್ತರಿಸಿರಲಿಲ್ಲ. ಬಿಸಿಲಲ್ಲಿ ಕೂತು ಕಾಲು ಗಂಟೆಯಲ್ಲಿ ಕೈಹೊಲಿಗೆ ಹಾಕಿದೆ. ಜಯಕ್ಕ ತೊಟ್ಟು, ತೋಳು ಎತ್ತಿ ಇಳಿಸಿ ನೋಡಿ, "ಇಷ್ಟೇಯಾ?" ಎಂದರು. ಕಣ್ಣು ತುಂಬಿತ್ತು. ಸಿದ್ದಣ್ಣ ನಮಗೆ ಎರಡು ತಟ್ಟೆ ಅವರೆಕಾಳಿನ ಸಾರು, ಮುದ್ದೆ ತಂದಿಟ್ಟರು. ಆ ಅವಸರದಲ್ಲೂ ಸೊಗಡವರೆಯ ರುಚಿ ನಾಲಿಗೆಗೆ ಹತ್ತಿತು.

ಒಂದೂವರೆಗೆ ಸಾತನೂರಿನಲ್ಲಿ ಚನ್ನಪಟ್ಟಣದ ಬಸ್ಸು ಸಿಕ್ಕಿತು. ಡ್ರೈವರ್ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು ತಲೆಯಾಡಿಸಿ, ಪ್ರತಿ ಉಬ್ಬಿಗೂ ಬಸ್ಸನ್ನು ಎಷ್ಟು ನಿಧಾನಿಸಿದರೆಂದರೆ ಹಿಂದಿನಿಂದ ಒಬ್ಬರು, "ಏನ್ಲಾ, ಮೊಟ್ಟೆ ಸಾಗಿಸ್ತಿದ್ದೀಯಾ?" ಎಂದು ಕೂಗಿದರು. ಜಯಕ್ಕ ನನ್ನ ಕೈ ಹಿಡಿದು ಕೂತಿದ್ದರು. ಚನ್ನಪಟ್ಟಣದಲ್ಲಿ ಬೊಂಬೆ ಅಂಗಡಿಗಳ ಮುಂದೆ ಬಣ್ಣದ ಕುದುರೆಗಳನ್ನು ಕಂಡು, "ಮೊಮ್ಮಗೀಗೆ ಒಂದ್ ತಗೋಬೇಕು, ಬರೋವಾಗ," ಎಂದರು. ಬರೋವಾಗ ಎಂದದ್ದು ಕೇಳಿ ನನಗೆ ಧೈರ್ಯ ಬಂತು. ಅಲ್ಲಿಂದ ರಾಮನಗರ ಹತ್ತಿರ. ಮೂರೂವರೆಗೆ ಆಸ್ಪತ್ರೆ ಸೇರಿದೆವು.

ಪ್ಲೇಟ್‌ಲೆಟ್ ಒಂಬತ್ತು ಸಾವಿರವಿತ್ತು. ಕೂಡಲೇ ಹಾಸಿಗೆ ಕೊಟ್ಟು, ಸ್ಟೀರಾಯ್ಡ್ ಅನ್ನು ಚುಚ್ಚುಮದ್ದಿನಲ್ಲಿ ಶುರು ಮಾಡಿದರು. ಬೇಗ ಏರಲೆಂದು ಇನ್ನೊಂದು ಔಷಧಿಯನ್ನು ರಕ್ತನಾಳದ ಮೂಲಕ ಗಂಟೆಗಟ್ಟಲೆ ಹನಿಹನಿಯಾಗಿ ಹರಿಸಿದರು. ಎರಡು ದಿನಕ್ಕೆಂದು ಹೊರಟವಳು ಅಲ್ಲೇ ಉಳಿದೆ. ಹಲ್ಲುಜ್ಜಲು ಮೆತ್ತನೆಯ ಬ್ರಷ್ ತಂದುಕೊಟ್ಟೆ. ತಲೆನೋವೆಂದು ಸಿಕ್ಕ ಮಾತ್ರೆ ನುಂಗಬಾರದು, ಮೊದಲು ಡಾಕ್ಟರಿಗೆ ಹೇಳಬೇಕು ಎಂದು ನೆನಪಿಸಿದೆ. ಎರಡನೆಯ ದಿನ ಹನ್ನೊಂದು ಸಾವಿರ. ಜಯಕ್ಕ ಗೋಡೆಯ ಕಡೆ ತಿರುಗಿ ಮಲಗಿದರು. ಮೂರನೆಯ ದಿನ ಇಪ್ಪತ್ತಾರು. ಅಂದು ಎದ್ದು ಕೂತು ತಲೆ ಬಾಚಿಕೊಂಡರು.

"ಮುಖ ಊದಿದ್ದು ಕಷ್ಟ ಅಂತ ನನಗೆ ಹೇಳಬಹುದಿತ್ತಲ್ಲ ಜಯಮ್ಮ," ಎಂದರು ಡಾಕ್ಟರಮ್ಮ. "ಔಷಧಿ ಇದೊಂದೇ ಅಲ್ಲ."

ಸ್ಟೀರಾಯ್ಡನ್ನು ನಿಧಾನವಾಗಿ ಇಳಿಸುತ್ತಾ, ಪ್ಲೇಟ್‌ಲೆಟ್ ಹೆಚ್ಚು ಹುಟ್ಟುವಂತೆ ಮಾಡುವ ಇನ್ನೊಂದು ಮಾತ್ರೆ ಕೊಡುವುದಾಗಿ ಹೇಳಿದರು. ಅದನ್ನು ನುಂಗುವ ಹೊತ್ತಿನ ಆಸುಪಾಸಿನಲ್ಲಿ ಹಾಲು, ಮೊಸರು ಮುಟ್ಟಬಾರದು. ನಾಲ್ಕು ಹಸು ಕಟ್ಟಿದ ಮನೆಯ ಜಯಕ್ಕ, "ಒಳ್ಳೆ ಮಾತ್ರೆ ಕಣವ್ವ," ಎಂದು ನಕ್ಕರು.

ಆರನೆಯ ದಿನ ಸಿದ್ದಣ್ಣ ಬಂದರು. ಹುಳವೆಲ್ಲ ಗೂಡು ಕಟ್ಟುತ್ತಿವೆ ಎಂದರು. ಜಯಕ್ಕನದು ಅಂದು ಮೂವತ್ತೆಂಟು ಸಾವಿರ. ಮನೆಗೆ ಹೋಗಬಹುದು ಎಂದು ಡಾಕ್ಟರಮ್ಮ ಹೇಳಿದ್ದರು. ಜಯಕ್ಕ ಕೇಳಿದ್ದು ಬೇರೆ: "ಸೊಪ್ಪು ಸರ್ಯಾಗ್ ಆಕುದ್ಯಾ?"

"ಆಕ್ದೆ. ನೀನಿಲ್ದೆ ಒಸಿ ಕಮ್ಮಿ ತಿಂದ್ವು."

ಜಯಕ್ಕ ಗಂಡನ ಅಂಗಿಗೆ ಹತ್ತಿದ್ದ ಸೊಪ್ಪಿನ ಚೂರನ್ನು ತೆಗೆದರು. ನಾನು ಚೀಲ ಎತ್ತಿಕೊಂಡೆ. ಆಗ ಅವರು ನನ್ನತ್ತ ತಿರುಗಿದರು.

"ನಿಂದೆಷ್ಟೈತೆ?"

ಅರ್ಥವಾಗಲಿಲ್ಲ.

"ಪ್ಲೇಟ್‌ಲೆಟ್ಟು ಕಣವ್ವ. ಆರ್ ದಿನದಿಂದ ಬೆಂಚಿನ್ ಮೇಲೆ ಮಲಗಿದ್ದೀಯ. ನಿಂದ್ ನೋಡಿಸ್ಕಂಡಿದ್ದೀಯಾ?"

ಎರಡು ತಿಂಗಳಿಂದ ನೋಡಿಸಿರಲಿಲ್ಲ. ಊರಿಗೆ ಹೋಗಿ ನೋಡಿಸುತ್ತೇನೆ ಎಂದೆ. ಅವರು ಹಾಸಿಗೆ ಬಿಟ್ಟು ಏಳಲೇ ಇಲ್ಲ. ನನ್ನ ರಕ್ತ ಕೊಡುವ ತನಕ ತಾನು ಮನೆಗೆ ಹೋಗುವುದಿಲ್ಲವೆಂದರು. ಕೊನೆಗೆ ಕೈ ಚಾಚಿದೆ. ಸೂಜಿ ತೆಗೆದ ಜಾಗಕ್ಕೆ ಹತ್ತಿ ಒತ್ತಿಕೊಂಡು ಬೆಂಚಿನ ಮೇಲೆ ಕೂತೆ. ಅವರಿಬ್ಬರೂ ನನ್ನ ಎರಡು ಪಕ್ಕಕ್ಕೆ ಕೂತರು. ಸಿದ್ದಣ್ಣ ಮೂರು ಎಲೆ ಚಿತ್ರಾನ್ನ ತಂದರು. ಗಂಟೆಯ ಮೇಲೆ ಚೀಟಿ ಬಂತು. ಅರವತ್ತೆರಡು ಸಾವಿರ. ಜಯಕ್ಕ ಅದನ್ನು ಇಸಿದುಕೊಂಡು ಸಿದ್ದಣ್ಣನಿಗೆ ಎರಡು ಸಲ ಓದಿಸಿದರು. "ಈಗ ಓಗು," ಎಂದರು.

ಮಾಗಡಿ ಬಸ್ಸಿನಲ್ಲಿ ಮುಂದಿನ ಸೀಟೇ ಸಿಕ್ಕಿತು. ಬಸ್ಸು ತಿರುಗುವಾಗ ಹಿಂದೆ ನೋಡಿದೆ. ಗಂಡ ಹೆಂಡತಿ ರಸ್ತೆಯಂಚಿನಲ್ಲಿ ನಿಂತಿದ್ದರು. ಜಯಕ್ಕ ನನ್ನ ಕಡೆಗೆ ಕೈ ಬೀಸಲಿಲ್ಲ. ನಾನು ಕೂತಿದ್ದೇನೋ ನಿಂತಿದ್ದೇನೋ ಎಂದು ಕತ್ತು ಉದ್ದ ಮಾಡಿ ಬಸ್ಸಿನ ಕಿಟಕಿಗಳನ್ನೇ ಹುಡುಕುತ್ತಿದ್ದರು.